ಕೆರೆ ಹೋಯಿತು, ನೀರುಗಂಟಿ ಬೇಕಾಗಿದ್ದಾನೆ

ಬೆಂಗಳೂರು ಕರಗದ ಹುಣ್ಣಿಮೆಗೆ ಮುನ್ನ ಹಸಿ ಕರಗ ನಡೆಯುವ ರಾತ್ರಿ ಕಂಠೀರವ ಕ್ರೀಡಾಂಗಣದ ಮಗ್ಗುಲಿಗೆ ಹೋಗಿ ನಿಂತರೆ, ಈ ಊರಿನ ಎರಡು ಕಾಲಗಳು ಅಕ್ಕಪಕ್ಕ ಕಾಣುತ್ತವೆ. ಒಂದು ಕಡೆ ಕಾಂಕ್ರೀಟಿನ ದೊಡ್ಡ ಬಟ್ಟಲು, ಅದರೊಳಗೆ ಎಂಟು ಓಟದ ಪಥಗಳು, ನಡುವೆ ಫುಟ್‌ಬಾಲಿನ ಹುಲ್ಲು. ಇನ್ನೊಂದು ಕಡೆ ಒಂದು ಪುಟ್ಟ ಕುಂಟೆ, ಅದರ ದಡದಲ್ಲಿ ಅಲಗು ಹಿಡಿದ ವೀರಕುಮಾರರು, ಗೋವಿಂದನಾಮ, ಮಲ್ಲಿಗೆಯ ಘಮ. ಪೂಜೆ ಮುಗಿಸಿ ಹಸಿ ಕರಗ ಹೊತ್ತವರು ತಿಗಳರಪೇಟೆಯ ಧರ್ಮರಾಯನ ಗುಡಿಯ ಕಡೆ ಹೊರಡುತ್ತಾರೆ. ಆ ಕುಂಟೆ ಯಾರೋ ಹೊಸದಾಗಿ ತೋಡಿದ ಕಲ್ಯಾಣಿಯಲ್ಲ. ಸಂಪಂಗಿ ಕೆರೆಯಲ್ಲಿ ಕಡೆಗೆ ಉಳಿದದ್ದು ಅಷ್ಟೇ. ಮಿಕ್ಕ ಕೆರೆಯ ಮೇಲೆ ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣ ಕೂತಿದೆ.

ಕಂಠೀರವದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆರೆ ನುಂಗಿದ ಪಾಪದ ಕಟ್ಟಡ ಎಂದು ಮರುಗುವುದು ಒಂದು. ಇಲ್ಲಿ ನಡೆದ ಪಂದ್ಯಗಳ ಪಟ್ಟಿ ಕೊಟ್ಟು ಹೆಮ್ಮೆಪಡುವುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಈ ಕ್ರೀಡಾಂಗಣವನ್ನು ಅಳೆಯಲು ನನಗೆ ಕಾಣುವ ಅಳತೆಗೋಲು ಬೇರೆ, ಅದು ಸಿಕ್ಕಿದ್ದೂ ಆ ಕುಂಟೆಯ ದಡದಲ್ಲೇ. ನೂರು ಕೆಲಸಕ್ಕೆ ಒದಗುವ ಒಂದು ಜಾಗವನ್ನು ಊರು ಹೇಗೆ ಹಂಚಿಕೊಳ್ಳುತ್ತದೆ? ಸಂಪಂಗಿಯ ದಂಡೆಯಲ್ಲಿ ನೂರು ವರ್ಷದ ಹಿಂದೆ ಎದ್ದಿದ್ದ ಪ್ರಶ್ನೆ ಇದು. ಕೆರೆ ಬತ್ತಿದ ಮೇಲೂ ಪ್ರಶ್ನೆ ಬತ್ತಿಲ್ಲ.

ಸಂಪಂಗಿ ಕೆರೆ ಇದ್ದದ್ದು ಪೇಟೆಗೂ ದಂಡಿಗೂ ನಡುವಿನ ಗಡಿಯಲ್ಲಿ. ಪಡುವಣಕ್ಕೆ ಕೆಂಪೇಗೌಡರ ಕಾಲದ ಪೇಟೆ, ಮೂಡಣಕ್ಕೆ ಬ್ರಿಟಿಷರ ದಂಡು. ನೀರು ಕುಡಿಯಲಿಕ್ಕೂ ಬೇಕಿತ್ತು, ತೋಟಕ್ಕೂ ಬೇಕಿತ್ತು. ಹೂವು, ತರಕಾರಿ ಬೆಳೆಯುವ ತಿಗಳರಿಗೆ ಅದು ಬದುಕೂ ಹೌದು, ದೇವರೂ ಹೌದು. ದನ ಮೇಯಿಸುವವರು, ಮೀನು ಹಿಡಿಯುವವರು, ಇಟ್ಟಿಗೆಗೆ ಮಣ್ಣು ತೆಗೆಯುವವರು, ಎಲ್ಲರಿಗೂ ಕೆರೆಯಲ್ಲಿ ಒಂದೊಂದು ಪಾಲು. ಈಗಿನ ಮಾತಿನಲ್ಲಿ ಹೇಳುವುದಾದರೆ ಅದೇ ನಿಜವಾದ ಬಹೂಪಯೋಗಿ ಅಂಗಣ. ಜಗಳಗಳೂ ಹಾಗೆಯೇ ಇದ್ದವು. ತೋಟದವರಿಗೆ ನೀರು ತುಂಬಿ ನಿಲ್ಲಬೇಕು. ತಗ್ಗಿನಲ್ಲಿ ಮನೆ ಕಟ್ಟಿಕೊಂಡವರಿಗೆ ನೀರು ಇಳಿಯಬೇಕು. ದಂಡಿನ ದೊರೆಗಳಿಗೆ ಒಣಗಿದ ಅಂಗಳದಲ್ಲಿ ಪೋಲೊ ಆಡಬೇಕು.

ಬಯಲುಸೀಮೆಯ ಕೆರೆಗಳಲ್ಲಿ ಇಂಥ ಜಗಳ ಸಂಭಾಳಿಸಲು ಒಬ್ಬ ಆಳಿರುತ್ತಿದ್ದ. ನೀರುಗಂಟಿ. ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಇಂದು ಯಾರ ಗದ್ದೆಗೆ, ಎಷ್ಟು ಹೊತ್ತು, ನಾಳೆ ಯಾರ ಸರದಿ, ಎಲ್ಲ ಅವನ ಲೆಕ್ಕ. ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ. ಅವನ ಯೋಗ್ಯತೆ ತಿಳಿಯುತ್ತಿದ್ದದ್ದು ತೂಬಿನ ಪಕ್ಕದ ಗದ್ದೆಯಲ್ಲಲ್ಲ, ಅಚ್ಚುಕಟ್ಟಿನ ಕೊನೆಯ ಗದ್ದೆಯಲ್ಲಿ. ತೂಬಿನ ಬಾಯಲ್ಲಿರುವ ಗೌಡರ ಗದ್ದೆಗೆ ನೀರು ಹರಿಸಲು ನೀರುಗಂಟಿಯೇ ಬೇಕಿಲ್ಲ, ನೀರೇ ಹರಿದುಕೊಂಡು ಹೋಗುತ್ತದೆ.

1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂದ ಮೇಲೆ ಊರೊಳಗಿನ ಕೆರೆಗಳ ಗ್ರಹಚಾರ ಕೆಟ್ಟಿತು. ಕುಡಿಯಲು ಬೇಡವಾದ ನೀರು ಸೊಳ್ಳೆಯ ತೌರಾಯಿತು, ಖಾಲಿ ನೆಲವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಶೂಲೆ ಕೆರೆಯ ಮೇಲೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಬಂತು. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಕ್ರೀಡಾಂಗಣ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಸಂಪಂಗಿಯೂ ಆಟದ ಬಯಲಾಯಿತು. ಬೆಂಗಳೂರಿನ ಕ್ರೀಡೆಯ ನಕ್ಷೆ ಬಿಡಿಸಿದರೆ ಸತ್ತ ಕೆರೆಗಳ ನಕ್ಷೆಯೇ ಮೂಡುತ್ತದೆ. ಅದಕ್ಕೆ ಕಾರಣವೂ ಸರಳ. ಕೆರೆಯಂಗಳ ಸಮತಟ್ಟು, ಸುತ್ತ ಏರಿಯ ಎತ್ತರ, ಒಡೆತನ ಸರ್ಕಾರದ್ದು, ಎಬ್ಬಿಸಬೇಕಾದ ಮನೆಗಳಿಲ್ಲ. ಕ್ರೀಡಾಂಗಣ ಕಟ್ಟುವವನಿಗೆ ಇನ್ನೇನು ಬೇಕು?

ಕಂಠೀರವಕ್ಕೆ ಈಗಿರುವ ರೂಪ ಬಂದದ್ದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ. ಆತಿಥೇಯ ಕರ್ನಾಟಕವೇ ಪದಕಪಟ್ಟಿಯಲ್ಲಿ ಮೊದಲು ನಿಂತ ಕೂಟ ಅದು. ಇಪ್ಪತ್ತೈದು ಸಾವಿರದಷ್ಟು ಜನ ಕೂರುವ ಮೆಟ್ಟಿಲುಗಳು, ಸಿಂಥೆಟಿಕ್ ಟ್ರ್ಯಾಕ್, ಪಕ್ಕದಲ್ಲಿ ಒಳಾಂಗಣ ಕ್ರೀಡಾಂಗಣ, ಎಲ್ಲವೂ ಆ ಸಂಭ್ರಮದ ಕೊಡುಗೆ. ಅದೇ ಕೂಟದ ಆಟಗಾರರ ವಸತಿಗೆಂದು ಎದ್ದ ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಕೂಡ ಕೆರೆಯಂಗಳದ ಮೇಲೆಯೇ ಕೂತಿದೆ ಎನ್ನುವುದನ್ನು ಮಾತ್ರ ಯಾರೂ ಭಾಷಣದಲ್ಲಿ ಹೇಳುವುದಿಲ್ಲ.

ಹಾಗಾದರೆ ಕಂಠೀರವ ಒಳ್ಳೆಯ ಕ್ರೀಡಾಂಗಣವೇ? ಮೊದಲು ಫುಟ್‌ಬಾಲಿನ ಕಣ್ಣಿನಿಂದ ನೋಡೋಣ. ಇಲ್ಲಿ ಅಳತೆಪಟ್ಟಿ ಹಿಡಿಯುವುದು ಒಳ್ಳೆಯದು, ಯಾಕೆಂದರೆ ಬಹೂಪಯೋಗಿ ಕ್ರೀಡಾಂಗಣಗಳ ಅರ್ಧ ಕಥೆ ಇರುವುದು ಭಾವನೆಯಲ್ಲಲ್ಲ, ರೇಖಾಗಣಿತದಲ್ಲಿ. ಅಂತರರಾಷ್ಟ್ರೀಯ ಮಾನದಂಡದ 400 ಮೀಟರ್ ಟ್ರ್ಯಾಕ್‌ನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಒಳಗೆ ಉಳಿಯುವ ಅಂಗಳದ ಅಗಲ 73 ಮೀಟರ್. ದೊಡ್ಡ ಪಂದ್ಯಗಳ ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಗಲ ಸರಿಹೋಯಿತು. ಉದ್ದ ನೋಡಿ: ನೇರ ಭಾಗವನ್ನು ದಾಟಿ ಎರಡೂ ತುದಿಯಲ್ಲಿ ಹತ್ತು ಮೀಟರ್‌ಗೂ ಕೊಂಚ ಹೆಚ್ಚು ತಿರುವಿನೊಳಕ್ಕೆ ಚಾಚುತ್ತದೆ. ಅಲ್ಲಿ ಟ್ರ್ಯಾಕ್ ಬಾಗುತ್ತಿರುತ್ತದೆ. ಕಾರ್ನರ್ ಧ್ವಜ ನೆಟ್ಟ ಜಾಗಕ್ಕೂ ಟ್ರ್ಯಾಕ್‌ನ ಒಳ ಅಂಚಿಗೂ ನಡುವೆ ಲೆಕ್ಕದ ಪ್ರಕಾರ ಉಳಿಯುವುದು ಒಂದು ಮೀಟರ್‌ಗೂ ಕಡಿಮೆ. ಕಾರ್ನರ್ ಒದೆಯುವವನು ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿಬರಬೇಕಾದರೆ ನಿಲ್ಲುವುದು ಎಲ್ಲಿ? ಓಟಗಾರರ ಪಥದ ಮೇಲೆ. ಆದ್ದರಿಂದ ಇಂಥ ಕ್ರೀಡಾಂಗಣಗಳಲ್ಲಿ ಮೂಲೆಗಳ ಟ್ರ್ಯಾಕ್‌ಗೆ ಕೃತಕ ಹುಲ್ಲಿನ ಹೊದಿಕೆ ಹಾಸಬೇಕಾಗುತ್ತದೆ. ಎರಡು ಆಟಗಳ ಜಗಳ ಶುರುವಾಗುವುದು ಈ ಒಂದು ಮೀಟರಿನಲ್ಲಿ.

ಇನ್ನು ಗೋಲಿನ ಹಿಂದಿನ ಪ್ರೇಕ್ಷಕನ ಪಾಡು. ಗೋಲ್‌ಗೆರೆಯಿಂದ ತಿರುವಿನ ತುದಿಗೆ ಇಪ್ಪತ್ತಾರು ಮೀಟರ್, ಅದರಾಚೆ ಎಂಟು ಪಥಗಳಿಗೆ ಹತ್ತಿರ ಹತ್ತು ಮೀಟರ್. ಅಂದರೆ ಮೊದಲ ಸಾಲಿನವನಿಗೂ ಗೋಲ್‌ಗೂ ನಡುವೆ ಕನಿಷ್ಠ 36 ಮೀಟರ್. ಆಚೆ ತುದಿಯ ಗೋಲ್ ಇನ್ನೂ 105 ಮೀಟರ್ ದೂರ. ಫುಟ್‌ಬಾಲಿನ ರುಚಿ ಇರುವುದು ಕಾಲು ಚೆಂಡಿಗೆ ತಾಗುವ ಸದ್ದಿನಲ್ಲಿ, ರಕ್ಷಣೆಯವರು ಒಬ್ಬರನ್ನೊಬ್ಬರು ಬೈಯುವ ದನಿಯಲ್ಲಿ. ಅದು ಇಲ್ಲಿ ಕೇಳಿಸುವುದಿಲ್ಲ. ಅಶೋಕನಗರದ ಚಿಕ್ಕ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ನೋಡಿದವರಿಗೆ ಕಂಠೀರವದ ಪಂದ್ಯ ರಸ್ತೆಯಾಚೆಯ ಮನೆಯ ಮದುವೆಯ ಹಾಗೆ. ಓಲಗ ಕೇಳುತ್ತದೆ, ಮಂತ್ರ ಕೇಳುವುದಿಲ್ಲ.

ಆದರೂ ಜನ ಆ ದೂರವನ್ನು ದನಿಯಿಂದ ತುಂಬಿದರು ಎನ್ನುವುದು ಈ ಕ್ರೀಡಾಂಗಣದ ಚರಿತ್ರೆಯ ಒಂದು ಸೊಗಸು. 2013ರಲ್ಲಿ ಹುಟ್ಟಿ ಅಶೋಕನಗರದಲ್ಲಿ ಆಡುತ್ತಿದ್ದ ಬೆಂಗಳೂರು ಎಫ್‌ಸಿ ಮರುವರ್ಷ ಇಲ್ಲಿಗೆ ಬಂತು. ವೆಸ್ಟ್ ಬ್ಲಾಕ್ ಎಂಬ ಬರಿಯ ಮೆಟ್ಟಿಲುಸಾಲು ಅಭಿಮಾನಿಗಳ ಗುಂಪೊಂದಕ್ಕೆ ನೆಲೆಯಾಯಿತು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಇಲ್ಲಿ 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2017ರಲ್ಲಿ ಮಕಾವ್ ಮೇಲೆ 4-1ರ ಗೆಲುವಿನೊಡನೆ ಭಾರತ ತಂಡ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದೂ ಇಲ್ಲೇ. 2023ರ ಸ್ಯಾಫ್ ಚಾಂಪಿಯನ್‌ಷಿಪ್ ಪೂರ್ತಿ ಇಲ್ಲಿಯೇ ನಡೆಯಿತು. ಮಳೆ ಸುರಿಯುವ ಸಂಜೆ ಪಾಕಿಸ್ತಾನದ ವಿರುದ್ಧ ಸುನಿಲ್ ಚೆಟ್ರಿ ಹ್ಯಾಟ್ರಿಕ್. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಜೊತೆ 1-1ರ ಸಮ, ಕಡೆಗೆ ಪೆನಾಲ್ಟಿಯಲ್ಲಿ 5-4ರ ಗೆಲುವು. ಕ್ರಿಕೆಟ್ಟಿನ ಊರು ಎಂದು ಬೀಗುವ ಬೆಂಗಳೂರಿಗೆ ಫುಟ್‌ಬಾಲಿನ ಹುಚ್ಚು ಹಳೆಯದು. ದಂಡು ಪ್ರದೇಶದ ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಿಗೆ ಅದು ಗೊತ್ತು. ಉಳಿದ ಊರಿಗೆ ಅದನ್ನು ತಿಳಿಸಿಕೊಟ್ಟದ್ದು ಕಂಠೀರವ. ದೃಷ್ಟಿಗೆ ಕಳಪೆಯಾದ ಅಂಗಣ ಊರಿನ ಮನಸ್ಸಿಗೆ ಹತ್ತಿರವಾದದ್ದನ್ನು ವಿಮರ್ಶಕ ಒಪ್ಪಿಕೊಳ್ಳಲೇಬೇಕು.

ಈಗ ಅಥ್ಲೆಟಿಕ್ಸ್‌ನ ಕಡೆಯಿಂದ. ಟ್ರ್ಯಾಕ್ ಇರುವ ಕಡೆ ಓಟಗಾರನೇ ಒಡೆಯ ಎಂದುಕೊಳ್ಳುತ್ತೇವೆ. ಆದರೆ ಅಥ್ಲೆಟಿಕ್ಸ್ ಎಂದರೆ ಓಟ ಮಾತ್ರವಲ್ಲ. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಮೂರೂ ಬೀಳುವುದು ನಡುವಿನ ಹುಲ್ಲಿನ ಮೇಲೆ, ಅಂದರೆ ಫುಟ್‌ಬಾಲ್ ಅಂಕಣದ ಮೇಲೆ. ಪುರುಷರ ಹ್ಯಾಮರ್‌ನ ತೂಕ 7.26 ಕಿಲೊ. ಅರುವತ್ತು ಮೀಟರ್ ಹಾರಿ ಬಂದು ನೆಲಕ್ಕೆ ಬಿದ್ದರೆ ಅಲ್ಲೊಂದು ತಗ್ಗು. ಹತ್ತು ಮಂದಿ ಒಂದು ಬೆಳಗ್ಗೆ ಹತ್ತತ್ತು ಸಲ ಎಸೆದರೆ ನೂರು ತಗ್ಗು. ಸಂಜೆ ಅದೇ ಜಾಗದಲ್ಲಿ ಚೆಂಡು ನೆಲಕ್ಕೆ ಅಂಟಿಕೊಂಡು ಉರುಳಬೇಕು. ಆಟಗಾರನ ಕಣಕಾಲು ಉಳುಕಬಾರದು. ಹುಲ್ಲು ನೋಡಿಕೊಳ್ಳುವವನಿಗೆ ಎಸೆತಗಾರ ಶತ್ರು. ಎಸೆತಗಾರನಿಗೆ, ನಾಳೆ ಪಂದ್ಯವಿದೆ ಎಂದು ಕಟ್ಟಿದ ಹಗ್ಗವೇ ಶತ್ರು. ಇಬ್ಬರಲ್ಲಿ ತಪ್ಪು ಯಾರದೂ ಅಲ್ಲ. ಹುಲ್ಲಿಗೂ ವಿಶ್ರಾಂತಿ ಬೇಕು, ತೋಳಿಗೂ ಅಭ್ಯಾಸ ಬೇಕು. ಎರಡಕ್ಕೂ ಇರುವುದು ಒಂದೇ ಅಂಗಳ.

ಕಂಠೀರವದಲ್ಲಿ ಈ ತಿಕ್ಕಾಟ ಒಳಗೊಳಗೆ ಉಳಿಯಲಿಲ್ಲ. ಕ್ಲಬ್ ಫುಟ್‌ಬಾಲ್ ಬಂದ ಮೇಲೆ ತಮ್ಮ ಮಕ್ಕಳಿಗೆ ಅಭ್ಯಾಸದ ಹೊತ್ತು ಕಡಿಮೆಯಾಯಿತು ಎಂದು ಅಥ್ಲೆಟಿಕ್ಸ್ ತರಬೇತುದಾರರು, ಹಿರಿಯ ಓಟಗಾರರು ಪ್ರತಿಭಟಿಸಿದರು. ವಿವಾದ ಹೈಕೋರ್ಟ್ ಮೆಟ್ಟಿಲು ಹತ್ತಿತು. ಫುಟ್‌ಬಾಲಿನವರ ವಾದವೂ ಹುರುಳಿಲ್ಲದ್ದಲ್ಲ. ಪಂದ್ಯ ನಡೆದರೆ ದೀಪ ಉರಿಯುತ್ತದೆ, ಹುಲ್ಲಿಗೆ ಆರೈಕೆ ಸಿಗುತ್ತದೆ, ಬಾಡಿಗೆ ಬರುತ್ತದೆ, ಮೆಟ್ಟಿಲುಗಳ ಮೇಲೆ ಜನ ಕೂರುತ್ತಾರೆ. ವರ್ಷಕ್ಕೆ ಒಂದೆರಡು ಕೂಟಕ್ಕೆಂದು ಇಪ್ಪತ್ತೈದು ಸಾವಿರ ಆಸನ ಇಟ್ಟುಕೊಂಡು ಕೂರುವುದು ಸರ್ಕಾರಕ್ಕೂ ಹೊರೆಯೇ. ಅಥ್ಲೆಟಿಕ್ಸ್‌ನವರು ಹೇಳಿದ್ದು ಇನ್ನೊಂದು ಸತ್ಯ: ಫುಟ್‌ಬಾಲಿಗೆ ಬೇಕಾದದ್ದು ಒಂದು ಸಂಜೆ, ಓಟಗಾರನಿಗೆ ಬೇಕಾದದ್ದು ಪ್ರತಿ ಬೆಳಗು. ನ್ಯಾಯಾಲಯದಲ್ಲಿ ಇದು ಗುತ್ತಿಗೆ, ಒಪ್ಪಂದ, ಹಕ್ಕಿನ ಭಾಷೆಯಲ್ಲಿ ನಡೆಯಿತು. ಕೆರೆಯ ದಂಡೆಯ ಭಾಷೆಯಲ್ಲಿ ಹೇಳಿದ್ದರೆ ಒಂದೇ ಸಾಲು ಸಾಕಿತ್ತು: ತೂಬು ಯಾರ ಕೈಯಲ್ಲಿ?

ಅಥ್ಲೆಟಿಕ್ಸ್‌ಗೂ ಇಲ್ಲಿ ಒಂದು ದೊಡ್ಡ ಸಂಜೆ ದಕ್ಕಿತು. 2025ರ ಜುಲೈ 5ರಂದು ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ನಡೆದದ್ದು ಕಂಠೀರವದಲ್ಲಿ. ಮೊದಲು ಯೋಚಿಸಿದ್ದ ಜಾಗ ಹರಿಯಾಣದ ಪಂಚ್‌ಕುಲಾ. ಅಲ್ಲಿ ರಾತ್ರಿಯ ಕೂಟಕ್ಕೆ ಬೆಳಕು ಸಾಲದೆಂದು ಬೆಂಗಳೂರಿಗೆ ಬಂತು. ನೀರಜ್ 86.18 ಮೀಟರ್ ಎಸೆದು ಗೆದ್ದರು. ಕೀನ್ಯಾದ ಜೂಲಿಯಸ್ ಯೆಗೊ ಎರಡನೆಯವರು, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರು. ಒಂದೇ ಒಂದು ಸ್ಪರ್ಧೆ ನೋಡಲು ಸಾವಿರಾರು ಜನ ಟಿಕೆಟ್ ಕೊಂಡು ಬಂದು, ಈಟಿ ಗಾಳಿಯಲ್ಲಿರುವಷ್ಟು ಹೊತ್ತು ಉಸಿರು ಹಿಡಿದರು. ಇಲ್ಲೊಂದು ತಮಾಷೆ ಗಮನಿಸಿ. ಆ ಸಂಜೆ ಬೇಕಾಗಿದ್ದ ದೀಪಗಳು ಇಲ್ಲಿ ಸಂಜೆಯ ಪಂದ್ಯಗಳಿಗೆ ಉರಿಯುತ್ತ ಬಂದಿದ್ದವು. ಈಟಿ ನಾಟಿದ ಹುಲ್ಲು ಫುಟ್‌ಬಾಲಿನ ಹುಲ್ಲು. ಒಂದು ಆಟ ಇನ್ನೊಂದರ ಹೊಟ್ಟೆ ಹೊಡೆಯುತ್ತದೆ ಎನ್ನುವ ಮಾತಿಗೆ ಆ ರಾತ್ರಿಯೇ ಉತ್ತರ. ಹೊಂದಿಸಿಕೊಂಡರೆ ಒಂದರ ಆಸ್ತಿ ಇನ್ನೊಂದಕ್ಕೆ ಒದಗುತ್ತದೆ.

ಇಷ್ಟು ಆಟದ ಮಾತಾಯಿತು. ಆದರೆ ಬೆಂಗಳೂರಿನ ಬಹುಪಾಲು ಜನರನ್ನು ಕಂಠೀರವ ಎಂದಾಗ ನೆನಪಾಗುವುದೇನು ಎಂದು ಕೇಳಿ. ಗೋಲಲ್ಲ, ಓಟವಲ್ಲ. ಒಂದು ಸಾಲು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಪಾರ್ಥಿವ ಶರೀರವನ್ನು ಇಲ್ಲಿಟ್ಟಿದ್ದರು. ಹಗಲು ರಾತ್ರಿ ಎನ್ನದೆ ಲಕ್ಷಾಂತರ ಜನ ಸಾಲಿನಲ್ಲಿ ಬಂದು ಕೈಮುಗಿದು ಹೋದರು. ಹದಿನೈದು ವರ್ಷ ಮುಂಚೆ, 2006ರ ಏಪ್ರಿಲ್‌ನಲ್ಲಿ, ಅವರ ತಂದೆ ಡಾ. ರಾಜ್‌ಕುಮಾರ್ ಅವರ ಶರೀರವನ್ನೂ ಇಲ್ಲಿಗೇ ತಂದಿದ್ದರು. ಆಗ ಜನಸಾಗರ ಕೈಮೀರಿತು, ಕಲ್ಲು ಬೆಂಕಿ ಲಾಠಿಯಾಯಿತು, ಜೀವಗಳು ಹೋದವು. 2018ರಲ್ಲಿ ಅಂಬರೀಷ್ ಅವರಿಗೂ ಇದೇ ಅಂಗಳದಲ್ಲಿ ಅಂತಿಮ ದರ್ಶನ. ಮೂವರೂ ಕಂಠೀರವ ಕ್ರೀಡಾಂಗಣದಿಂದ ಕೊನೆಯ ಪಯಣ ಹೊರಟು ಸೇರಿದ್ದು ಕಂಠೀರವ ಸ್ಟುಡಿಯೊಗೆ. ಒಂದೇ ಹೆಸರಿನ ಎರಡು ಜಾಗ, ನಡುವೆ ಊರಿನ ದುಃಖ ಹರಿದ ದಾರಿ.

2006ಕ್ಕೂ 2021ಕ್ಕೂ ನಡುವಿನ ಅಂತರವನ್ನು ಕ್ರೀಡಾಂಗಣದ ವಿಮರ್ಶಕ ಓದಬೇಕು. ಕಟ್ಟಡ ಅದೇ, ಗೇಟುಗಳೂ ಅವೇ. ಬದಲಾದದ್ದು ವ್ಯವಸ್ಥೆ: ಜನ ಎಲ್ಲಿಂದ ಒಳಬರಬೇಕು, ಎಲ್ಲಿ ಹೊರಹೋಗಬೇಕು, ಎಷ್ಟು ಹೊತ್ತು ದರ್ಶನ, ಯಾವಾಗ ಮೆರವಣಿಗೆ ಎನ್ನುವುದರ ಮುಂಗಾಣ್ಕೆ. 2025ರ ಜೂನ್ 4ರಂದು ಇಲ್ಲಿಗೆ ಕೂಗಳತೆಯಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಾಗಲೂ ಊರು ಕಲಿತ ಪಾಠ ಅದೇ. ಒಳಗೆ ಎಷ್ಟು ಆಸನ ಎನ್ನುವುದಕ್ಕಿಂತ ಹೊರಗಿನ ರಸ್ತೆಯಲ್ಲಿ ಎಷ್ಟು ಜನರನ್ನು ಯಾವ ಸರದಿಯಲ್ಲಿ ಬಿಡುತ್ತೀರಿ ಎನ್ನುವುದು ಮುಖ್ಯ. ಕೋಡಿ ಬೀಳುವ ಕೆರೆಗೆ ಏರಿ ಎತ್ತರಿಸಿದರೆ ಸಾಲದು, ನೀರು ಹೋಗಲು ದಾರಿ ಬಿಡಬೇಕು.

ದುಃಖದ ಹಾಗೆ ಅಧಿಕಾರವೂ ಇಲ್ಲಿಗೆ ಬರುತ್ತದೆ. ಸಿದ್ದರಾಮಯ್ಯ ಎರಡು ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು ಈ ಅಂಗಳದಲ್ಲಿ, 2013ರ ಮೇ 13ರಂದು ಮತ್ತು 2023ರ ಮೇ 20ರಂದು. ವಿಧಾನಸೌಧದ ಮೆಟ್ಟಿಲಿಗಿಂತ ಇಲ್ಲಿ ಜನ ಹೆಚ್ಚು ಹಿಡಿಯುತ್ತಾರೆ, ಕಾರ್ಯಕರ್ತರಿಗೆ ಕೂರಲು ಜಾಗವಿದೆ. ನವೆಂಬರ್ ಒಂದಕ್ಕೆ ಕನ್ನಡ ರಾಜ್ಯೋತ್ಸವ: ಸಾವಿರಾರು ಶಾಲಾ ಮಕ್ಕಳು ಹಳದಿ ಕೆಂಪು ಉಟ್ಟು ಹುಲ್ಲಿನ ಮೇಲೆ ಕುಣಿಯುತ್ತಾರೆ, ಗಣ್ಯರು ನೆರಳಿನಲ್ಲಿ ಕೂರುತ್ತಾರೆ. ಕ್ರೀಡಾಪ್ರಿಯರು ಇದನ್ನೆಲ್ಲ ಅತಿಕ್ರಮಣ ಎನ್ನುತ್ತಾರೆ. ಶಾಮಿಯಾನದ ಗೂಟ, ಲಾರಿಯ ಚಕ್ರ, ಸಾವಿರ ಕುರ್ಚಿಗಳ ಕಾಲು ಎಲ್ಲವೂ ಹುಲ್ಲಿನ ಎದೆಯ ಮೇಲೆಯೇ ಇಳಿಯುತ್ತವೆ ಎಂಬುದು ನಿಜ. ಆದರೂ ನಾನು ಈ ದೂರನ್ನು ಪೂರ್ತಿ ಒಪ್ಪಲಾರೆ. ಒಂದೂಕಾಲು ಕೋಟಿ ಜನರ ಊರಿಗೆ ತೀರಿಕೊಂಡವರ ಮುಖ ಕೊನೆಯ ಸಲ ನೋಡಲು, ತನ್ನ ಭಾಷೆಯ ಹಬ್ಬ ಮಾಡಲು ಒಂದು ಅಂಗಳ ಬೇಕು. ಹಳ್ಳಿಯಲ್ಲಿ ಗುಡಿಯ ಮುಂದಿನ ಬಯಲು ಆ ಕೆಲಸ ಮಾಡುತ್ತದೆ. ಅಲ್ಲೇ ಸುಗ್ಗಿಯಲ್ಲಿ ಕಣ, ಜಾತ್ರೆಯಲ್ಲಿ ತೇರು, ರಾತ್ರಿ ಬಯಲಾಟ, ಮಿಕ್ಕ ದಿನ ಹುಡುಗರ ಚಿನ್ನಿದಾಂಡು. ಬೆಂಗಳೂರಿಗೆ ಅಂಥ ಬಯಲು ಉಳಿದಿಲ್ಲ. ಕಂಠೀರವ ಆ ಕೊರತೆ ತುಂಬುತ್ತಿದೆ. ಕಟ್ಟಿದವರು ಯೋಚಿಸದೆ ಇದ್ದ ಈ ಉಪಯೋಗವೇ ಅದರ ದೊಡ್ಡ ಸಾರ್ಥಕ್ಯ ಎಂದೂ ಹೇಳಬಹುದು.

ಪಕ್ಕದ ಒಳಾಂಗಣ ಕ್ರೀಡಾಂಗಣ ಈ ಗದ್ದಲದಿಂದ ತುಸು ದೂರ ಉಳಿದಿದೆ. 2014ರಿಂದ ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ತೊಡೆ ತಟ್ಟಿದ್ದು ಅಲ್ಲಿ. 2017ರಲ್ಲಿ ಭಾರತದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಏಷ್ಯಾ ಕಪ್‌ನ ಎರಡನೆಯ ದರ್ಜೆಯ ಫೈನಲ್‌ನಲ್ಲಿ ಕಜಕಸ್ತಾನವನ್ನು ಎರಡೇ ಅಂಕದಿಂದ ಸೋಲಿಸಿ ಮೇಲಿನ ದರ್ಜೆಗೇರಿದ್ದೂ ಅಲ್ಲಿಯೇ. ಮರದ ನೆಲದ ಮೇಲೆ ಕಬಡ್ಡಿಯ ಮ್ಯಾಟ್ ಹಾಸಿದರೆ ಕಬಡ್ಡಿ, ಸುತ್ತಿಟ್ಟರೆ ಬ್ಯಾಸ್ಕೆಟ್‌ಬಾಲ್. ಒಳಾಂಗಣದ ನೆಲ ಬದಲಾಯಿಸಬಹುದು. ಹುಲ್ಲನ್ನು ಚಾಪೆಯ ಹಾಗೆ ಸುತ್ತಿಡಲಾಗುವುದಿಲ್ಲ. ಹೊರಾಂಗಣದ ಸಮಸ್ಯೆ ಇರುವುದು ಇಲ್ಲಿ.

ಲೋಕದ ಬೇರೆ ಕಡೆ ಈ ಸಮಸ್ಯೆಗೆ ಸಿಕ್ಕ ಉತ್ತರ ವಿಚ್ಛೇದನ. ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣ 1972ರ ಸುಂದರ ಕಟ್ಟಡ, ಗುಡಾರದಂಥ ಪಾರದರ್ಶಕ ಚಾವಣಿಗೆ ಜಗತ್ಪ್ರಸಿದ್ಧ. ಬಯರ್ನ್ ಫುಟ್‌ಬಾಲ್ ತಂಡ ಮೂರು ದಶಕ ಅಲ್ಲಾಡಿ, ಟ್ರ್ಯಾಕ್‌ನ ದೂರ ಸಾಕಾಗಿ 2005ರಲ್ಲಿ ತನ್ನದೇ ಅಖಾಡಕ್ಕೆ ಹೋಯಿತು. ಸ್ಟುಟ್‌ಗಾರ್ಟ್‌ನವರು ಟ್ರ್ಯಾಕ್ ಕಿತ್ತುಹಾಕಿ ಮೆಟ್ಟಿಲುಗಳನ್ನು ಅಂಕಣದ ಹತ್ತಿರ ತಂದರು. ಟ್ಯುರಿನ್‌ನ ಯುವೆಂಟಸ್ ಟ್ರ್ಯಾಕ್ ಇದ್ದ ಹಳೆಯ ಕ್ರೀಡಾಂಗಣವನ್ನೇ ಕೆಡವಿ 2011ರಲ್ಲಿ ಹೊಸದು ಕಟ್ಟಿಕೊಂಡಿತು. ಲಂಡನ್ನಿನವರು ಒಲಿಂಪಿಕ್ ಅಂಗಣಕ್ಕೆ ಸರಿಯುವ ಆಸನ ಹಾಕಿದರು. ಆಸನ ಸರಿಸುವ ಖರ್ಚೇ ವರ್ಷವರ್ಷದ ತಲೆನೋವಾಯಿತು. ಬಹೂಪಯೋಗಿ ಕ್ರೀಡಾಂಗಣದ ಕಾಲ ಮುಗಿಯಿತು ಎಂದು ಇದರಿಂದ ತೀರ್ಮಾನಿಸುವುದು ಸುಲಭ. ನಮ್ಮಲ್ಲೂ ಊರಾಚೆ ಫುಟ್‌ಬಾಲಿಗೊಂದು, ಓಟಕ್ಕೊಂದು ಕಟ್ಟಿಬಿಡಿ ಎನ್ನುವವರಿದ್ದಾರೆ.

ಆ ಉತ್ತರ ನಮಗೆ ಒಗ್ಗುವುದಿಲ್ಲ. ದುಡ್ಡಿನ ಮಾತು ಬಿಡಿ, ಕಂಠೀರವದ ಬೆಲೆ ಇರುವುದು ಅದರ ಜಾಗದಲ್ಲಿ. ಕಬ್ಬನ್ ಪಾರ್ಕ್, ಕಾರ್ಪೊರೇಷನ್ ಸರ್ಕಲ್, ಸಂಪಂಗಿರಾಮನಗರದ ಗಲ್ಲಿಗಳು ಎಲ್ಲ ನಡೆದು ಬರುವಷ್ಟು ಹತ್ತಿರ. ಬಸ್ಸು ಮೆಟ್ರೊ ಎರಡೂ ಸಿಗುತ್ತವೆ. ಬೆಳಗಿನ ಐದೂವರೆಗೆ ಚಾಮರಾಜಪೇಟೆಯ, ಶಾಂತಿನಗರದ ಹುಡುಗಿ ಒಬ್ಬಳೇ ಬಂದು ಓಡಿ, ಎಂಟಕ್ಕೆ ಶಾಲೆಗೆ ಹೋಗಬಲ್ಲಳು. ಇದೇ ಟ್ರ್ಯಾಕ್ ದೇವನಹಳ್ಳಿಯಲ್ಲಿದ್ದರೆ ಅವಳು ಓಟಗಾರ್ತಿಯಾಗುವುದೇ ಇಲ್ಲ, ಅಥವಾ ಅವಳಪ್ಪನ ಹತ್ತಿರ ಕಾರಿರಬೇಕು. ಊರ ನಡುವಿನ ನೆಲ ಸಿಕ್ಕಿದ್ದು ಕೆರೆಯನ್ನು ಕಳೆದುಕೊಂಡು. ಅಷ್ಟು ಬೆಲೆ ತೆತ್ತು ಪಡೆದದ್ದನ್ನು ಒಂದೇ ಆಟಕ್ಕೆ, ಒಂದೇ ಗುತ್ತಿಗೆಗೆ ಬರೆದುಕೊಟ್ಟರೆ ಎರಡು ಸಲ ಕಳೆದುಕೊಂಡ ಹಾಗೆ.

ಆದ್ದರಿಂದ ಕಂಠೀರವದ ಕೊರತೆಯನ್ನು ನಾನು ಕಾಂಕ್ರೀಟಿನಲ್ಲಿ ಹುಡುಕುವುದಿಲ್ಲ, ಕ್ಯಾಲೆಂಡರಿನಲ್ಲಿ ಹುಡುಕುತ್ತೇನೆ. ನೀರು ಸಾಲದ ಕೆರೆಗೆ ಹೇಗೋ, ಹೊತ್ತು ಸಾಲದ ಅಂಗಣಕ್ಕೂ ಹಾಗೇ ಸರದಿ ಬೇಕು, ಆ ಸರದಿ ಎಲ್ಲರಿಗೂ ಮುಂಚೆ ಗೊತ್ತಿರಬೇಕು. ವರ್ಷದ ಯಾವ ದಿನ ಪಂದ್ಯ, ಯಾವ ದಿನ ಕೂಟ, ಯಾವ ವಾರ ಹುಲ್ಲಿಗೆ ವಿಶ್ರಾಂತಿ, ಯಾವ ಹೊತ್ತು ಯಾರೂ ಕಸಿಯಲಾಗದ ಅಭ್ಯಾಸದ ಹೊತ್ತು ಎನ್ನುವ ಪಟ್ಟಿ ಗೇಟಿನ ಮೇಲೆ ಕನ್ನಡದಲ್ಲಿ ತೂಗಲಿ. ಸಾವು ಹೇಳಿ ಬರುವುದಿಲ್ಲ, ಪ್ರಮಾಣವಚನದ ದಿನವೂ ಮುಂಚೆ ತಿಳಿಯುವುದಿಲ್ಲ. ಅಂಥ ದಿನ ಅಭ್ಯಾಸ ತಪ್ಪಿದ ಮಕ್ಕಳಿಗೆ ಬೇರೆ ಎಲ್ಲಿ ಓಡಬೇಕೆಂದು ಹೇಳುವ ಜವಾಬ್ದಾರಿ ಯಾರದು ಎನ್ನುವುದಾದರೂ ಆ ಪಟ್ಟಿಯಲ್ಲಿರಲಿ. ಹ್ಯಾಮರ್ ಎಸೆಯುವವರಿಗೆ ಬೇರೆ ಕಡೆ ಒಂದು ಬಯಲು ಕೊಡಿ. ಅದಕ್ಕೆ ಪ್ರೇಕ್ಷಕರ ಮೆಟ್ಟಿಲೂ ಬೇಡ, ಟ್ರ್ಯಾಕೂ ಬೇಡ. ಬಲೆಯ ಪಂಜರ, ಕಾಂಕ್ರೀಟಿನ ವೃತ್ತ, ಉದ್ದನೆಯ ಬಯಲು ಇದ್ದರೆ ಸಾಕು. ಪಂದ್ಯದಿಂದ ಬಂದ ಬಾಡಿಗೆಯ ಒಂದು ಪಾಲು ಟ್ರ್ಯಾಕ್‌ನ ಸವೆತಕ್ಕೆ ಎಂದು ಕಟ್ಟುಮಾಡಿ. ಇದ್ಯಾವುದೂ ದೊಡ್ಡ ವಿದ್ಯೆಯಲ್ಲ, ತೂಬಿನ ಲೆಕ್ಕ ಅಷ್ಟೇ.

ಇದು ಬೆಂಗಳೂರೊಂದರ ಕಾಯಿಲೆಯೂ ಅಲ್ಲ. 2022ರಲ್ಲಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಿಂದ ಸಂಜೆ ಏಳಕ್ಕೇ ಅಥ್ಲೀಟ್‌ಗಳನ್ನು ಹೊರಕಳಿಸುತ್ತಾರೆ, ಆಮೇಲೆ ಹಿರಿಯ ಅಧಿಕಾರಿಯೊಬ್ಬರು ಅಲ್ಲಿ ನಾಯಿ ವಾಕಿಂಗ್ ಮಾಡಿಸುತ್ತಾರೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಗದ್ದಲವಾಯಿತು. ಅಧಿಕಾರಿಯ ವರ್ಗಾವಣೆಯಾಯಿತು. ಸರ್ಕಾರಿ ಕ್ರೀಡಾಂಗಣಗಳನ್ನು ರಾತ್ರಿ ಹತ್ತರವರೆಗೆ ತೆರೆದಿಡಿ ಎಂದು ಅಲ್ಲಿನ ಸರ್ಕಾರ ಆದೇಶಿಸಿತು. ಜನ ನಕ್ಕದ್ದು ನಾಯಿಗೆ. ಗಮನಿಸಬೇಕಾದದ್ದು ಕೊನೆಯ ಮಾತು: ಒಂದು ಇಟ್ಟಿಗೆಯೂ ಇಡದೆ, ಬರೀ ಹೊತ್ತು ಬದಲಿಸಿ, ಅದೇ ಕ್ರೀಡಾಂಗಣವನ್ನು ದೊಡ್ಡದು ಮಾಡಬಹುದು.

ನಮ್ಮ ಕ್ರೀಡಾಂಗಣಗಳ ಬೆಳಗುಗಳು ಒಂದೇ ತರಹ. ಸೂರ್ಯ ಇನ್ನೂ ಮೆಟ್ಟಿಲುಗಳ ಹಿಂದಿರುವಾಗಲೇ ಮಕ್ಕಳು ಬಂದಿರುತ್ತಾರೆ. ಸಡಿಲ ಟೀ ಶರ್ಟು, ಅಣ್ಣನದೋ ಅಕ್ಕನದೋ ಹಳೆಯ ಸ್ಪೈಕ್ಸ್. ಮೊದಲು ಎರಡು ಸುತ್ತು ನಿಧಾನ ಓಟ, ಆಮೇಲೆ ಮೊಣಕಾಲು ಎದೆಗೆ ತಾಗುವ ಹಾಗೆ ಜಿಗಿತ, ಆಮೇಲೆ ಸ್ಟಾರ್ಟಿಂಗ್ ಬ್ಲಾಕ್. ಸೀಟಿ ಊದುತ್ತಲೇ ಸಿಂಥೆಟಿಕ್ ಮೇಲೆ ಮೊಳೆಗಳು ಚರಚರ ಎನ್ನುತ್ತವೆ. ಮೂವತ್ತು ಮೀಟರ್ ಹೋಗಿ, ಉಸಿರು ಬಿಡುತ್ತ ನಡೆದು ವಾಪಸು ಬರುತ್ತಾರೆ. ಮತ್ತೆ ಬ್ಲಾಕ್. ಹತ್ತು ಸಲ, ಹನ್ನೆರಡು ಸಲ. ಟಿಕೆಟ್ಟಿಲ್ಲ, ಕ್ಯಾಮೆರಾ ಇಲ್ಲ, ಚಪ್ಪಾಳೆ ಇಲ್ಲ. ಇಪ್ಪತ್ತೈದು ಸಾವಿರ ಖಾಲಿ ಆಸನಗಳು ನೋಡುತ್ತ ಕೂತಿರುತ್ತವೆ. ಬ್ಯಾಗು ಹೆಗಲಿಗೇರಿಸಿ ಹೊರಡುವಾಗ ಯಾವುದಾದರೂ ಒಂದು ಮಗು ತಿರುಗಿ ಕೇಳುತ್ತದೆ:

‘ಸರ್, ನಾಳೆ ಗ್ರೌಂಡ್ ಇದೆಯಾ?’

ಅಚ್ಚುಕಟ್ಟಿನ ಕೊನೆಯ ಗದ್ದೆಯವನು ನೀರುಗಂಟಿಯನ್ನು ಕೇಳುತ್ತಿದ್ದದ್ದೂ ಇದೇ ಪ್ರಶ್ನೆ. ‘ಗೊತ್ತಿಲ್ಲಪ್ಪ, ನೋಡೋಣ’ ಎನ್ನದೆ, ‘ಇದೆ, ಐದೂವರೆಗೆ ಬಾ’ ಎಂದು ತರಬೇತುದಾರ ಯೋಚಿಸದೆ ಹೇಳುವಂತಾದ ದಿನ ಕಂಠೀರವ ಒಳ್ಳೆಯ ಕ್ರೀಡಾಂಗಣವಾಯಿತು ಎಂದುಕೊಳ್ಳಬಹುದು.